ಮಾನವ ಹಕ್ಕುಗಳ ದೂರು ಹೊಸ್ತಿಲಲ್ಲೇ ನಿಲ್ಲದಿರಲು ಏನೇನು ಇರಬೇಕು? ಯುರೋಪಿನ ನ್ಯಾಯಾಲಯಕ್ಕೆ ನಾವು ಹೋಗಬಹುದೇ?

ಪ್ರಶ್ನೆ: ಲಿಂಗಸುಗೂರು ತಾಲ್ಲೂಕು, ರಾಯಚೂರು ಜಿಲ್ಲೆ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಹಳ್ಳಿಯ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ನನ್ನ ಅಣ್ಣ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುತ್ತಾನೆ. ಕಳೆದ ವರ್ಷ ಭತ್ತದ ಸುಗ್ಗಿಯಲ್ಲಿ ಕೆಲವು ಚೀಲಗಳು ಕಾಣೆಯಾದವೆಂದು ಅವನನ್ನು ಪೊಲೀಸ್ ಠಾಣೆಯೊಂದಕ್ಕೆ ಕರೆದೊಯ್ದು, ಎಲ್ಲಿಯೂ ಬರೆದುಕೊಳ್ಳದೆ, ಯಾವ ಮ್ಯಾಜಿಸ್ಟ್ರೇಟರ ಮುಂದೆಯೂ ಹಾಜರುಪಡಿಸದೆ ಎರಡು ರಾತ್ರಿ ಇಟ್ಟುಕೊಂಡರು. ಮೂರನೆಯ ದಿನ ಮಧ್ಯಾಹ್ನ ಅವನು ಹೊರಗೆ ಬಂದಾಗ ಎಡಗೈ ಮಣಿಕಟ್ಟು ಊದಿ ನೀಲಿಗಟ್ಟಿತ್ತು. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದು ಮೂಳೆ ಮುರಿದಿದೆ ಎಂದರು. ಹೊಡೆತದಿಂದ ಆದ ಗಾಯವೆಂದು ರೋಗಿ ಹೇಳುತ್ತಾನೆ ಎಂಬ ಒಂದು ಸಾಲು ವೈದ್ಯರ ಚೀಟಿಯಲ್ಲಿದೆ. ಈಗಲೂ ಅವನ ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಬಲಗೈಯ ಕೊಕ್ಕೆಯೊಂದರಿಂದಲೇ ಚೀಲವನ್ನು ಎಳೆದು ಬೆನ್ನಿಗೇರಿಸಿಕೊಳ್ಳುತ್ತಾನೆ. ಬಿಟ್ಟ ಒಂದು ವಾರದ ಮೇಲೆ ಅವನ ಮೇಲೆ ಕಳ್ಳತನದ ಪ್ರಕರಣ ದಾಖಲಾಯಿತು. ಅದು ನ್ಯಾಯಾಲಯದಲ್ಲಿದೆ.

ಮೊದಲ ತಿಂಗಳಲ್ಲೇ ನಾವು ಒಂದು ಅರ್ಜಿ ಬರೆಸಿ, ಜಿಲ್ಲೆಯಿಂದ ಹಿಡಿದು ದಿಲ್ಲಿಯವರೆಗೆ ಹತ್ತು ವಿಳಾಸಗಳಿಗೆ ಅದರ ಪ್ರತಿಗಳನ್ನು ಕಳುಹಿಸಿದೆವು. ಮೂರು ಕಡೆಯಿಂದ ‘ಮುಂದಿನ ಕ್ರಮಕ್ಕಾಗಿ ರವಾನಿಸಲಾಗಿದೆ’ ಎಂಬ ಉತ್ತರ ಬಂತು, ಉಳಿದ ಕಡೆಯಿಂದ ಏನೂ ಬರಲಿಲ್ಲ. ಹೀಗೆ ಕಾಯುತ್ತಾ ಹನ್ನೊಂದು ತಿಂಗಳು ಕಳೆದವು. ಅತ್ತಿಗೆಯ ತಮ್ಮ ಜರ್ಮನಿಯಲ್ಲಿ ಓದುತ್ತಿದ್ದಾನೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಾನವ ಹಕ್ಕುಗಳ ನ್ಯಾಯಾಲಯವಿದೆ, ಯಾವ ದೇಶದ ಪ್ರಜೆಯಾದರೂ ಅಲ್ಲಿ ಅರ್ಜಿ ಹಾಕಬಹುದು, ಶುಲ್ಕವೂ ಇಲ್ಲ, ನಾನೇ ಹಾಕುತ್ತೇನೆ ಎಂದು ಅವನು ಹೇಳುತ್ತಾನೆ. ಇದು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ, ನ್ಯಾಯಾಲಯದಲ್ಲಿ ಪ್ರಕರಣವಿರುವಾಗ ನಮ್ಮ ರಾಜ್ಯ ಮಾನವ ಹಕ್ಕುಗಳ ಆಯೋಗ ನಮ್ಮ ದೂರನ್ನು ತೆಗೆದುಕೊಳ್ಳುತ್ತದೆಯೇ? ಅಣ್ಣ ಬಹಳ ಹೆದರಿದ್ದಾನೆ. ಹೆಸರಿಲ್ಲದೆ ದೂರು ಕೊಡಲು ದಾರಿಯಿದ್ದರೆ ಅದನ್ನೂ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ: ವಕೀಲ, ಬಳ್ಳಾರಿ

ಮೇಡಂ ಅವರೇ, ಸ್ಟ್ರಾಸ್‌ಬರ್ಗಿನ ವಿಷಯವನ್ನು ಬೇರೆಯವರು ವಿವರಿಸಲಿ. ನಿಮ್ಮ ಬರಹದಲ್ಲಿ ನನಗೆ ಮೊದಲು ಕಂಡದ್ದು ‘ಹನ್ನೊಂದು ತಿಂಗಳು’ ಎಂಬ ಮಾತು. ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮ, 1993ರ 36ನೆಯ ಕಲಮಿನ 2ನೆಯ ಉಪಕಲಮಿನ ಪ್ರಕಾರ, ಹಕ್ಕಿನ ಉಲ್ಲಂಘನೆ ನಡೆಯಿತೆಂದು ಹೇಳಲಾದ ದಿನದಿಂದ ಒಂದು ವರ್ಷ ಕಳೆದ ಮೇಲೆ ರಾಷ್ಟ್ರೀಯ ಆಯೋಗವಾಗಲಿ ರಾಜ್ಯ ಆಯೋಗವಾಗಲಿ ಆ ವಿಷಯದ ವಿಚಾರಣೆ ನಡೆಸುವಂತಿಲ್ಲ. ನೀವು ಹತ್ತು ಕಡೆ ಕಾಗದ ಬರೆದು ಉತ್ತರಕ್ಕೆ ಕಾದ ಕಾಲವನ್ನು ಇದರಿಂದ ಕಳೆಯಬಹುದೆಂದು ನಂಬಿ ಕೂರಬೇಡಿ. ಕಲಮು ಆಯೋಗದ ವಿಚಾರಣೆಯನ್ನೇ ಕಟ್ಟಿಹಾಕುವುದರಿಂದ, ಅಂಚೆಗೆ ಹಾಕುವ ದಿನವನ್ನಲ್ಲ, ದೂರು ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮುಟ್ಟುವ ದಿನವನ್ನೂ ಅದನ್ನು ಓದಿ ಪ್ರಕರಣದ ಸಂಖ್ಯೆ ಕೊಡಲು ಬೇಕಾಗುವ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಈ ವಾರವೇ ಕಳುಹಿಸಿ.

ಹೆಸರಿಲ್ಲದ ದೂರು ನಿಲ್ಲುವುದಿಲ್ಲ. ಅನಾಮಧೇಯ ಅರ್ಜಿ, ಸುಳ್ಳು ಹೆಸರಿನ ಅರ್ಜಿ, ಎಲ್ಲಿ ಯಾವಾಗ ಯಾರಿಂದ ಎಂಬುದು ಸ್ಪಷ್ಟವಿಲ್ಲದ ಅರ್ಜಿ, ಇವನ್ನು ಆಯೋಗಗಳು ಆರಂಭದಲ್ಲೇ ಮುಕ್ತಾಯಗೊಳಿಸುತ್ತವೆ. ಆದರೆ ನಿಮ್ಮ ಅಣ್ಣನೇ ಸಹಿ ಮಾಡಬೇಕೆಂದಿಲ್ಲ. ಬಾಧಿತನಾಗಲಿ ಅವನ ಪರವಾಗಿ ಬೇರೆ ಯಾರೇ ಆಗಲಿ ಅರ್ಜಿ ಕೊಡಬಹುದೆಂದು 12ನೆಯ ಕಲಮು ಹೇಳುತ್ತದೆ. ತಂಗಿಯಾದ ನೀವು ನಿಮ್ಮ ಹೆಸರು, ವಿಳಾಸ ಬರೆದು ಸಹಿ ಮಾಡಿ. ಕನ್ನಡದಲ್ಲಿ ಬರೆಯಬಹುದು, ಶುಲ್ಕ ಬೇಕಿಲ್ಲ, ವಕೀಲರೂ ಬೇಕಿಲ್ಲ.

ನ್ಯಾಯಾಲಯದಲ್ಲಿರುವ ಪ್ರಕರಣದ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನ್ಯಾಯಾಲಯದ ಮುಂದಿರುವ ವಿಷಯವನ್ನು ಆಯೋಗ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದರೆ ನ್ಯಾಯಾಲಯದ ಮುಂದಿರುವುದು ಚೀಲ ಕದ್ದವರು ಯಾರು ಎಂಬ ಪ್ರಶ್ನೆ. ನಿಮ್ಮದು ಒಬ್ಬ ಮನುಷ್ಯನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂಬ ಸಂವಿಧಾನದ 22ನೆಯ ವಿಧಿಯನ್ನು ಮೀರಿ ಕೂಡಿಹಾಕಿ ಕೈ ಮುರಿದರು ಎಂಬ ದೂರು. ಕಳ್ಳತನ ಮಾಡಿದವನನ್ನೂ ಹೊಡೆಯುವ ಅಧಿಕಾರ ಯಾರಿಗೂ ಇಲ್ಲ. ಈ ಎರಡು ವಿಷಯಗಳು ಬೇರೆ ಎಂಬುದನ್ನು ದೂರಿನ ಮೊದಲ ಪುಟದಲ್ಲೇ, ಪ್ರಕರಣದ ಸಂಖ್ಯೆಯನ್ನು ಮುಚ್ಚಿಡದೆ ಬರೆಯಿರಿ. ಮುಚ್ಚಿಟ್ಟರೆ ಠಾಣೆಯ ವರದಿಯಲ್ಲಿ ಅದು ಬಂದೇ ಬರುತ್ತದೆ. ಆಗ ನಿಮ್ಮ ಉಳಿದ ಮಾತನ್ನೂ ಅನುಮಾನದಿಂದ ನೋಡುತ್ತಾರೆ.

ಇನ್ನೊಂದು ಅವಸರದ ಸಂಗತಿ. ಎಲ್ಲ ಠಾಣೆಗಳಲ್ಲಿ ಸಿಸಿಟಿವಿ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಆದೇಶಿಸಿದೆ. ದೃಶ್ಯಗಳನ್ನು 18 ತಿಂಗಳು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೆ ಕಡಿಮೆಯೆಂದರೂ 1 ವರ್ಷ ಉಳಿಸಿಡಬೇಕೆಂದೂ, ಮಾನವ ಹಕ್ಕುಗಳ ಆಯೋಗ ಅವನ್ನು ತರಿಸಿಕೊಳ್ಳಬಹುದೆಂದೂ ಅದೇ ಆದೇಶದಲ್ಲಿದೆ. ಆ ಎರಡು ರಾತ್ರಿಗಳ ದೃಶ್ಯವನ್ನು ಅಳಿಸದಂತೆ ನಿರ್ದೇಶನ ಕೊಡಬೇಕೆಂದು ದೂರಿನ ಕೊನೆಯಲ್ಲಿ ಪ್ರತ್ಯೇಕವಾಗಿ ಕೋರಿಕೊಳ್ಳಿ. ನಿಮ್ಮ ಒಂದು ವರ್ಷ ಮುಗಿಯುವ ಹೊತ್ತಿಗೆ ಆ ದೃಶ್ಯಗಳ ಆಯುಷ್ಯವೂ ಮುಗಿದುಹೋಗಬಹುದು.

ಉತ್ತರ: ಕಾನೂನು ಬೋಧಕ, ರಾಯಚೂರು

ಸ್ಟ್ರಾಸ್‌ಬರ್ಗಿನ ಬಗ್ಗೆ ನಾನು ಬರೆಯುತ್ತೇನೆ. ನಿಮ್ಮ ಬಂಧು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಅರ್ಜಿದಾರನ ಪೌರತ್ವವನ್ನು ಕೇಳುವುದಿಲ್ಲ ಎಂಬುದು ನಿಜ, ಶುಲ್ಕವಿಲ್ಲವೆಂಬುದೂ ನಿಜ. ಆದರೆ ದೂರು ಯಾರ ಮೇಲೆ ಎಂಬುದನ್ನು ಅದು ಕೇಳುತ್ತದೆ. ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಗೆ ಸೇರಿದ 46 ದೇಶಗಳಲ್ಲಿ ಒಂದು, ತನ್ನ ಅಧಿಕಾರ ವ್ಯಾಪ್ತಿಯೊಳಗಿದ್ದ ವ್ಯಕ್ತಿಯ ಹಕ್ಕನ್ನು ಮುರಿದಿರಬೇಕು. ಜರ್ಮನಿಯ ಪೊಲೀಸರು ನಿಮ್ಮ ಬಂಧುವಿಗೇ ಅನ್ಯಾಯ ಮಾಡಿದ್ದರೆ, ಅವರು ಅಲ್ಲಿನ ನ್ಯಾಯಾಲಯಗಳನ್ನೂ ಕಾರ್ಲ್ಸ್‌ರೂಹೆಯಲ್ಲಿರುವ ಸಂವಿಧಾನ ನ್ಯಾಯಾಲಯವನ್ನೂ ಮುಗಿಸಿಕೊಂಡು, ಅಂತಿಮ ತೀರ್ಪಿನಿಂದ ನಾಲ್ಕು ತಿಂಗಳೊಳಗೆ ಸ್ಟ್ರಾಸ್‌ಬರ್ಗಿಗೆ ಹೋಗಬಹುದಿತ್ತು. ಈ ಗಡುವು ಹಿಂದೆ ಆರು ತಿಂಗಳಿತ್ತು. 2022ರ ಫೆಬ್ರುವರಿ 1ರಿಂದ ನಾಲ್ಕಕ್ಕೆ ಇಳಿದಿದೆ. ರಾಯಚೂರು ಜಿಲ್ಲೆಯ ಠಾಣೆಯಲ್ಲಿ ನಡೆದದ್ದರ ಮೇಲೆ ಆ ನ್ಯಾಯಾಲಯಕ್ಕೆ ಅಧಿಕಾರವೇ ಇಲ್ಲ. ಅರ್ಜಿ ಕಳುಹಿಸಿದರೆ ಅದು ಒಬ್ಬ ನ್ಯಾಯಾಧೀಶರ ಮೇಜಿನ ಮೇಲೇ ಮುಗಿಯುತ್ತದೆ, ಅಷ್ಟರಲ್ಲಿ ನಿಮ್ಮ ಇಲ್ಲಿಯ ವರ್ಷ ಕಳೆದಿರುತ್ತದೆ.

ಯುರೋಪ್, ಅಮೆರಿಕ ಖಂಡಗಳು ಮತ್ತು ಆಫ್ರಿಕಾದಲ್ಲಿ ಪ್ರಾದೇಶಿಕ ಮಾನವ ಹಕ್ಕುಗಳ ಸಂಸ್ಥೆಗಳಿವೆ. ನಮ್ಮ ದಕ್ಷಿಣ ಏಷ್ಯಾದಲ್ಲಿ ಅಂಥದ್ದು ಇಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ವ್ಯಕ್ತಿಗಳು ದೂರು ಕೊಡಬೇಕಾದರೆ ಅವರ ದೇಶ ಐಚ್ಛಿಕ ಪೂರಕ ಒಪ್ಪಂದವೊಂದಕ್ಕೆ ಸೇರಿರಬೇಕು. ಭಾರತ 1979ರಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಮೂಲ ಒಡಂಬಡಿಕೆಯನ್ನು ಒಪ್ಪಿದೆಯಾದರೂ ಆ ಪೂರಕ ಒಪ್ಪಂದಕ್ಕೆ ಸೇರಿಲ್ಲ. ಹೀಗಾಗಿ ಆ ಬಾಗಿಲೂ ಮುಚ್ಚಿದೆ. ಚಿತ್ರಹಿಂಸೆಯ ಬಗ್ಗೆ ವಿಶ್ವಸಂಸ್ಥೆಯ ವಿಶೇಷ ವರದಿಗಾರರಿಗೆ ಬರೆಯಬಹುದು. ಅದಕ್ಕೆ ಇಲ್ಲಿನ ನ್ಯಾಯಾಲಯಗಳನ್ನು ಮುಗಿಸಿರಬೇಕೆಂಬ ಷರತ್ತಿಲ್ಲ. ಆದರೆ ಅವರು ಸರ್ಕಾರಕ್ಕೆ ಪತ್ರ ಬರೆದು ವಿವರ ಕೇಳಬಲ್ಲರೇ ಹೊರತು ತೀರ್ಪು ಕೊಡುವುದಿಲ್ಲ.

ಆದರೂ ಆ ಸಂಸ್ಥೆಗಳ ನಿಯಮಗಳನ್ನು ನಾವು ಓದಬೇಕು ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಒತ್ತಿ ಹೇಳುತ್ತೇನೆ, ಏಕೆಂದರೆ ದೂರನ್ನು ಒಳಗೆ ಬಿಡುವ ಮುನ್ನ ಅವು ಕೇಳುವ ಪ್ರಶ್ನೆಗಳನ್ನೇ ಬೆಂಗಳೂರಿನ ಆಯೋಗವೂ ಹೆಚ್ಚು ಕಡಿಮೆ ಕೇಳುತ್ತದೆ. ಯುರೋಪಿನ ಒಡಂಬಡಿಕೆಯ 35ನೆಯ ವಿಧಿ, ಅಮೆರಿಕ ಖಂಡಗಳ ಒಡಂಬಡಿಕೆಯ 46ನೆಯ ವಿಧಿ, ಆಫ್ರಿಕಾದ ಸನ್ನದಿನ 56ನೆಯ ವಿಧಿ, ಇವು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ದೂರುದಾರ ಯಾರೆಂದು ತಿಳಿದಿರಬೇಕು. ದೇಶದೊಳಗಿನ ಪರಿಹಾರ ಮಾರ್ಗಗಳನ್ನು ಮೊದಲು ಮುಗಿಸಿರಬೇಕು. ಕಾಲಮಿತಿಯೊಳಗೆ ಬಂದಿರಬೇಕು, ಅಮೆರಿಕ ಖಂಡಗಳಲ್ಲಿ ಅದು ಅಂತಿಮ ತೀರ್ಪು ತಿಳಿದ ದಿನದಿಂದ ಆರು ತಿಂಗಳು, ಆಫ್ರಿಕಾದಲ್ಲಿ ‘ಸಮಂಜಸವಾದ ಅವಧಿ’ ಎಂದಷ್ಟೇ ಇದೆ. ಅದೇ ದೂರು ಬೇರೆ ಅಂತರರಾಷ್ಟ್ರೀಯ ಸಂಸ್ಥೆಯ ಮುಂದೆ ಇರಬಾರದು ಅಥವಾ ಇತ್ಯರ್ಥವಾಗಿರಬಾರದು. ನಮ್ಮ ಅಧಿನಿಯಮದ 36ನೆಯ ಕಲಮಿನ ಮೊದಲ ಉಪಕಲಮೂ, 21ನೆಯ ಕಲಮೂ ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತವೆ: ಕಾನೂನಿನಡಿ ರಚಿತವಾದ ಮತ್ತೊಂದು ಆಯೋಗ ಈಗಾಗಲೇ ವಿಚಾರಿಸುತ್ತಿರುವ ವಿಷಯವನ್ನು ರಾಜ್ಯ ಆಯೋಗ ವಿಚಾರಿಸುವಂತಿಲ್ಲ.

ಆದುದರಿಂದ ನಿಮ್ಮ ಹತ್ತು ಪ್ರತಿಗಳ ಬಗ್ಗೆ ನನಗೆ ಕಳವಳವಿದೆ. ಹೆಚ್ಚು ಕಡೆ ಕಳುಹಿಸಿದಷ್ಟೂ ಬಲ ಹೆಚ್ಚೆಂದು ನಮ್ಮ ಭಾಗದ ಜನ ನಂಬುತ್ತಾರೆ, ಅರ್ಜಿ ಬರೆದುಕೊಡುವವರೂ ಹಾಗೆಯೇ ಬರೆದುಕೊಡುತ್ತಾರೆ. ಆ ಹತ್ತರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವಾಗಲಿ, ಪರಿಶಿಷ್ಟರ ಆಯೋಗವಾಗಲಿ ಸೇರಿತ್ತೇ? ಅಲ್ಲಿ ಪ್ರಕರಣ ದಾಖಲಾಗಿ ಸಂಖ್ಯೆ ಬಿದ್ದಿದೆಯೇ? ಮೊದಲು ಇದನ್ನು ತಿಳಿದುಕೊಳ್ಳಿ.

ಪರಿಹಾರ ಮಾರ್ಗಗಳನ್ನು ಮುಗಿಸುವುದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇದನ್ನು ತಪ್ಪಾಗಿ ತಿಳಿದವರೇ ಹೆಚ್ಚು. ಇದು ಬಡವನನ್ನು ಓಡಾಡಿಸಲು ಮಾಡಿದ ನಿಯಮವಲ್ಲ. ಹೊರಗಿನ ಸಂಸ್ಥೆ ಕೈಹಾಕುವ ಮುನ್ನ ತಪ್ಪನ್ನು ತಾನೇ ಸರಿಪಡಿಸಿಕೊಳ್ಳುವ ಅವಕಾಶ ಆ ದೇಶಕ್ಕೆ ಇರಬೇಕೆಂಬುದು ಅದರ ಉದ್ದೇಶ. ಆ ಮಾರ್ಗ ಹೆಸರಿಗೆ ಮಾತ್ರ ಇದ್ದರೆ ಸಾಲದು. ಗ್ಯಾಂಬಿಯಾದ ಮಾಜಿ ಅಧ್ಯಕ್ಷ ದಾವ್ದಾ ಜವಾರಾ ಅವರ ದೂರಿನಲ್ಲಿ, ಪರಿಹಾರವು ಕೈಗೆ ಎಟುಕುವಂತಿರಬೇಕು, ಫಲ ಕೊಡುವಂತಿರಬೇಕು, ಆದ ಹಾನಿಗೆ ಸಾಕಾಗುವಂತಿರಬೇಕು ಎಂದು ಆಫ್ರಿಕಾದ ಆಯೋಗ 2000ದಲ್ಲಿ ಹೇಳಿತು. ಟರ್ಕಿಯ ವಿರುದ್ಧದ ಅಕ್ದಿವಾರ್ ಪ್ರಕರಣದಲ್ಲಿ 1996ರಲ್ಲೇ ಸ್ಟ್ರಾಸ್‌ಬರ್ಗ್, ಈ ನಿಯಮವನ್ನು ಅತಿಯಾದ ಔಪಚಾರಿಕತೆಯಿಂದ ಅನ್ವಯಿಸಬಾರದು, ಅರ್ಜಿದಾರ ಇರುವ ಪರಿಸ್ಥಿತಿಯನ್ನೂ ನೋಡಬೇಕು ಎಂದಿತ್ತು. ಬಡತನದಿಂದಾಗಿ ಅಗತ್ಯವಾದ ಕಾನೂನು ನೆರವು ದೊರೆಯದವನು, ಅಥವಾ ವಕೀಲರೇ ಹೆದರಿ ಪ್ರಕರಣ ಹಿಡಿಯದ ಊರಿನವನು ಈ ಷರತ್ತನ್ನು ಪೂರೈಸಬೇಕಿಲ್ಲ ಎಂದು ಅಮೆರಿಕ ಖಂಡಗಳ ನ್ಯಾಯಾಲಯ 1990ರ ಸಲಹಾ ಅಭಿಪ್ರಾಯದಲ್ಲಿ ಹೇಳಿದೆ. ನಿಮ್ಮ ಅಣ್ಣನ ಹೆದರಿಕೆಯ ಬಗ್ಗೆ ಓದುವಾಗ ನನಗೆ ಆ ಅಭಿಪ್ರಾಯವೇ ನೆನಪಾಯಿತು.

ಉತ್ತರ: ಕೊಪ್ಪಳ

ಅಕ್ಕೋರೇ, ನಾನು ವಕೀಲನಲ್ಲ. ನಮ್ಮೂರಿನ ಕಾರ್ಖಾನೆಯೊಂದರ ಕರಿ ಧೂಳಿನ ವಿಷಯದಲ್ಲಿ ಕೆಲವು ವರ್ಷಗಳ ಹಿಂದೆ ನಾನೊಂದು ದೂರು ಬರೆದಿದ್ದೆ. ಹದಿನಾಲ್ಕು ಪುಟ ಬರೆದೆ. ಅದರಲ್ಲಿ ಒಂಬತ್ತು ಪುಟ ಪತ್ರಿಕೆಯ ತುಣುಕುಗಳು, ಮೂರು ಪುಟ ಅಧಿಕಾರಿಗಳನ್ನು ಬೈದದ್ದು. ಯಾವ ದಿನ, ಯಾವ ಮನೆ, ಯಾರಿಗೆ ಉಸಿರಾಟದ ತೊಂದರೆ ಎಂಬುದು ಎಲ್ಲೂ ಇರಲಿಲ್ಲ. ದೂರು ಮುಕ್ತಾಯವಾಯಿತು ಎಂಬ ಕಾಗದ ಬಂದಾಗ ನನಗೆ ಬಹಳ ನೋವಾಯಿತು. ನಂತರ ಒಬ್ಬ ಹಿರಿಯರು ಆ ದೂರನ್ನು ಓದಿ, ಇದರಲ್ಲಿ ಸಿಟ್ಟು ಇದೆ, ಸಂಗತಿ ಎಲ್ಲಿದೆ ಎಂದು ಕೇಳಿದರು. ಎರಡನೆಯ ಬಾರಿ ನಾವು ಎರಡೇ ಪುಟ ಬರೆದೆವು. ಧೂಳು ಕಾರ್ಖಾನೆಯದಾದರೂ, ಅದನ್ನು ತಡೆಯಬೇಕಾದ ಸರ್ಕಾರಿ ನೌಕರರು ತಡೆಯಲಿಲ್ಲ ಎಂಬುದನ್ನು, ಅಂಗಳದಲ್ಲಿ ಒಣಹಾಕಿದ ಶ್ಯಾವಿಗೆ ಸಂಜೆಯೊಳಗೆ ಬೂದುಬಣ್ಣಕ್ಕೆ ತಿರುಗಿದ ದಿನಾಂಕಗಳನ್ನು, ಆಸ್ಪತ್ರೆಯ ಚೀಟಿಗಳನ್ನು ಕ್ರಮವಾಗಿ ಬರೆದೆವು. ಅದಕ್ಕೆ ಸಂಖ್ಯೆ ಸಿಕ್ಕಿತು, ವರದಿಯನ್ನೂ ಕೇಳಿದರು.

ನೀವು ಮಾಡಬೇಕಾದದ್ದು ಇಷ್ಟೇ: ದಿನಾಂಕದ ಕ್ರಮದಲ್ಲಿ ಬರೆಯಿರಿ, ಪ್ರತಿ ಸಾಲಿಗೂ ಒಂದು ಕಾಗದವನ್ನು ಜೋಡಿಸಿ. ಅಣ್ಣನನ್ನು ಕರೆದೊಯ್ದದ್ದನ್ನು ಕಂಡವರು, ಠಾಣೆಗೆ ಬುತ್ತಿ ಕೊಟ್ಟು ಬಂದವರು ಇದ್ದೇ ಇರುತ್ತಾರೆ. ಅವರ ಹೆಸರು ಬರೆಯಿರಿ. ಯಾರನ್ನೂ ಬೈಯಬೇಡಿ.

ಉತ್ತರ: ಕಾನೂನು ಬೋಧಕ, ರಾಯಚೂರು

ಕೊಪ್ಪಳದ ಸಹೋದರರು ತಮ್ಮ ಅನುಭವದಿಂದ ಕಂಡುಕೊಂಡದ್ದು ಆಫ್ರಿಕಾದ ಸನ್ನದಿನಲ್ಲಿ ಅಕ್ಷರಶಃ ಇದೆ. 56ನೆಯ ವಿಧಿಯ 3ನೆಯ ಷರತ್ತಿನ ಪ್ರಕಾರ ದೂರು ನಿಂದನೆಯ ಭಾಷೆಯಲ್ಲಿರಬಾರದು, 4ನೆಯದರ ಪ್ರಕಾರ ಕೇವಲ ಸುದ್ದಿ ಮಾಧ್ಯಮಗಳ ವರದಿಯನ್ನೇ ಆಧರಿಸಿರಬಾರದು. ಕ್ಯಾಮರೂನಿನ ಒಂದು ಸಂಘಟನೆ ಕೊಟ್ಟ ಗಂಭೀರ ದೂರನ್ನು ಆ ಆಯೋಗ ತಳ್ಳಿಹಾಕಲು ಭಾಷೆಯೂ ಒಂದು ಕಾರಣವಾಯಿತು. ಆ ನಿರ್ಧಾರ ನನಗೆ ಒಪ್ಪಿಗೆಯಿಲ್ಲ. ಪೆಟ್ಟು ತಿಂದವನು ಮೆತ್ತಗೆ ಮಾತಾಡಬೇಕೆಂದು ಕೇಳುವುದು ನ್ಯಾಯವಲ್ಲ, ಆ ಷರತ್ತು ಆಳುವವರಿಗೆ ರಕ್ಷೆಯಾಗಬಲ್ಲದು. ಆದರೂ ಬರೆಯುವವರು ಅದನ್ನು ತಿಳಿದುಕೊಂಡೇ ಬರೆಯಬೇಕು.

ಉತ್ತರ: ವಕೀಲ, ಬಳ್ಳಾರಿ

ಬೋಧಕರ ಮಾತುಗಳಿಗೆ ಒಂದನ್ನು ಸೇರಿಸುತ್ತೇನೆ, ಒಂದು ಕಡೆ ನನ್ನದು ಬೇರೆ ಅಭಿಪ್ರಾಯ. ಆಯೋಗ ಶಿಫಾರಸು ಮಾಡುವ ಸಂಸ್ಥೆ. 18ನೆಯ ಕಲಮಿನಡಿ ಪರಿಹಾರ ಕೊಡಿ, ಕ್ರಮ ಜರುಗಿಸಿ ಎಂದು ಸರ್ಕಾರಕ್ಕೆ ಹೇಳಬಲ್ಲದು. ಘಾನಾದ ಒಬ್ಬ ದೂರುದಾರ ತನ್ನ ದೇಶದ ಮಾನವ ಹಕ್ಕುಗಳ ಆಯೋಗಕ್ಕೆ ಹೋಗಿ ಬಂದಾಗ, ಮುಗಿಸಬೇಕಾದ ಪರಿಹಾರ ಮಾರ್ಗವೆಂದರೆ ನ್ಯಾಯಾಲಯ, ಆಯೋಗವಲ್ಲ ಎಂದು ಆಫ್ರಿಕಾದ ಆಯೋಗವೇ 1999ರಲ್ಲಿ ಹೇಳಿತ್ತು. ಹಾಗಾಗಿ ಆಯೋಗದ ಗಡುವನ್ನು ಮಾತ್ರ ನೋಡಿ ನ್ಯಾಯಾಲಯವನ್ನು ಮರೆಯಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಸಂವಿಧಾನದ 226ನೆಯ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ಪರಿಹಾರ ಕೇಳಬಹುದು. ಒಡಿಶಾದ ತಾಯಿ ನೀಲಬತಿ ಬೆಹೆರಾ ಮಗನ ಕಸ್ಟಡಿ ಸಾವಿನ ಬಗ್ಗೆ ಬರೆದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಪರಿಗಣಿಸಿ, 1993ರಲ್ಲಿ ರಾಜ್ಯವು 1,50,000 ರೂಪಾಯಿ ಕೊಡಬೇಕೆಂದು ತೀರ್ಪಿತ್ತಿತು.

ರಾಯಚೂರು ಜಿಲ್ಲೆಯವರಾದ ನೀವು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಬೇಕು. ಪಕ್ಕದ ಕೊಪ್ಪಳದವರೂ ನಮ್ಮ ಬಳ್ಳಾರಿಯವರೂ ಧಾರವಾಡ ಪೀಠಕ್ಕೆ ಸೇರುತ್ತಾರೆ. ಮಹಿಳೆಯಾದ ನಿಮಗೆ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೆಯ ಕಲಮಿನಡಿ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯನ್ನು ಕೇಳಿ. ಆದರೆ ಇದೇ ಹೊಡೆತದ ವಿಷಯ ಹೈಕೋರ್ಟಿನ ಮುಂದೆ ಹೋದ ಮೇಲೆ ಆಯೋಗ ತನ್ನ ಕಡತವನ್ನು ಮುಚ್ಚುವ ಸಂಭವ ಇದೆ. ಮೊದಲು ಆಯೋಗ, ಅದರ ವರದಿ ಬಂದ ಮೇಲೆ ರಿಟ್ ಎನ್ನುವವರಿದ್ದಾರೆ. ಕೈ ಮುರಿದು ದುಡಿಮೆ ಕಡಿಮೆಯಾದ ಮನುಷ್ಯನ ವಿಷಯದಲ್ಲಿ ನಾನಾದರೆ ರಿಟ್ ಹಾಕಲು ಬಹಳ ದಿನ ಕಾಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಲಿಂಗಸುಗೂರು ತಾಲ್ಲೂಕು

ವಕೀಲ್ ಸಾಹೇಬರಿಗೆ, ಗುರುಗಳಿಗೆ, ಕೊಪ್ಪಳದ ಅಣ್ಣನವರಿಗೆ ನನ್ನ ಕೃತಜ್ಞತೆಗಳು. ನಿಮ್ಮ ಮಾತಿನಂತೆ ಹಳೆಯ ಅಂಚೆ ರಸೀದಿಗಳನ್ನೆಲ್ಲ ತೆಗೆದು ನೋಡಿದೆವು. ಹತ್ತರಲ್ಲಿ ಒಂದು ದಿಲ್ಲಿಯ ರಾಷ್ಟ್ರೀಯ ಆಯೋಗಕ್ಕೆ ಹೋಗಿತ್ತು. ವಿಚಾರಿಸಿದಾಗ ನಮ್ಮ ಹೆಸರಿನಲ್ಲಿ ಅಲ್ಲಿ ಪ್ರಕರಣ ದಾಖಲಾಗಿಲ್ಲವೆಂದು ತಿಳಿಯಿತು. ಆ ಪ್ರತಿ ಕಳುಹಿಸಿದ ದಿನಾಂಕವನ್ನೂ, ಸಂಖ್ಯೆ ಬಂದಿಲ್ಲವೆಂಬುದನ್ನೂ ದೂರಿನಲ್ಲಿ ಮುಚ್ಚಿಡದೆ ಬರೆದಿದ್ದೇನೆ.

ದೂರು ಎರಡೂವರೆ ಪುಟವಾಗಿದೆ. ಮೊದಲ ಪುಟದಲ್ಲೇ ಕಳ್ಳತನದ ಪ್ರಕರಣದ ಸಂಖ್ಯೆ, ಅದು ಬೇರೆ ವಿಷಯ ಎಂಬ ಮಾತು ಇದೆ. ಎರಡನೆಯ ರಾತ್ರಿ ಠಾಣೆಗೆ ರೊಟ್ಟಿ ಬುತ್ತಿ ಒಯ್ದಿದ್ದ ನಮ್ಮ ದೊಡ್ಡವ್ವ ತನ್ನ ಹೆಸರನ್ನು ಬರೆಯಲು ಒಪ್ಪಿದ್ದಾಳೆ. ಬುತ್ತಿ ಗಂಟನ್ನು ಬಾಗಿಲಲ್ಲಿ ಇಸಕೊಂಡರು, ಒಳಗೆ ಬಿಡಲಿಲ್ಲ ಎಂದು ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದು ಹೆಬ್ಬೆಟ್ಟು ಹಾಕಿಸಿದ್ದೇವೆ. ಎಕ್ಸ್-ರೇ, ಆಸ್ಪತ್ರೆಯ ಚೀಟಿ, ಸಿಸಿಟಿವಿ ಉಳಿಸಬೇಕೆಂಬ ಕೋರಿಕೆ ಎಲ್ಲ ಸೇರಿವೆ. ಸಹಿ ನನ್ನದೇ ಇರಲಿ ಎಂದುಕೊಂಡಿದ್ದೆ. ರಾತ್ರಿ ಅದನ್ನು ಗಟ್ಟಿಯಾಗಿ ಓದಿ ಹೇಳಿದಾಗ ಅಣ್ಣ ಕೊನೆಯವರೆಗೂ ಸುಮ್ಮನೆ ಕೇಳಿ, ಪೆನ್ನು ಇಸಕೊಂಡು ನನ್ನ ಸಹಿಯ ಕೆಳಗೆ ತನ್ನದನ್ನೂ ಹಾಕಿದ. ನಿನ್ನೆ ಬೆಳಿಗ್ಗೆ ಸ್ವೀಕೃತಿ ಕಾರ್ಡಿನ ಸಮೇತ ಬೆಂಗಳೂರಿಗೆ ಕಳುಹಿಸಿದ್ದೇವೆ. ವರ್ಷ ತುಂಬಲು ಇನ್ನೂ 26 ದಿನಗಳಿವೆ. ಸೋಮವಾರ ಶಾಲೆಗೆ ರಜೆ ಹಾಕಿ, ಕಲಬುರಗಿ ಪೀಠದ ವಕೀಲರ ವಿಚಾರಕ್ಕಾಗಿ ರಾಯಚೂರಿನ ಕಾನೂನು ಸೇವೆಗಳ ಕಚೇರಿಗೆ ಹೋಗುತ್ತಿದ್ದೇನೆ. ಅಲ್ಲಿ ಕೇಳಿಕೊಂಡು ಬಂದದ್ದನ್ನು ಇಲ್ಲಿಯೇ ಬರೆಯುತ್ತೇನೆ.